ದೇಣಿಗೆ ಎತ್ತುವವರಿಗೂ ಪಾಠ ಬೇಕಾ?

2022ರ ಜುಲೈ. ಹೊರಗೆ ಮುಂಬೈ ಮಳೆ. ಮುಲುಂಡ್‌ನಲ್ಲಿ ಹೋಟೆಲ್ ನಡೆಸುವ ಶೆಟ್ರೊಬ್ಬರ ಗಲ್ಲಾದ ಪಕ್ಕ ರಸೀದಿ ಪುಸ್ತಕ ಹಿಡಿದು ನಿಂತಿದ್ದೆ. ನಮ್ಮ ಸಂಘದ ವಿದ್ಯಾರ್ಥಿ ವೇತನಕ್ಕೆ ವರ್ಷಾ ವರ್ಷ 25,000 ರೂಪಾಯಿ ಕೊಡುವವರು ಅವರು. ಕಾಫಿ ಬಂತು, ದುಡ್ಡು ಬರಲಿಲ್ಲ.

"ರಾಯರೇ, ಹೋದ ವರ್ಷದ 10ಬಿಇ ಎಲ್ಲಿ? ನಮ್ಮ ಸಿಎ ಕೇಳ್ತಿದ್ದಾರೆ. ಬರೀ ರಸೀದಿ ನಡೆಯೋದಿಲ್ವಂತೆ."

ರಸೀದಿಯಲ್ಲಿ ಮೊಹರು ಇತ್ತು, ಸಹಿ ಇತ್ತು, ದಾನಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ನಂಬರೂ ಇತ್ತು. 10ಬಿಇ ಅಂದರೇನು ಅಂತ ಮಾತ್ರ ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತು ಬಂದವನು ನಾನು. ಆದರೂ ಗೊತ್ತಿರಲಿಲ್ಲ. ನಿಯಮ ಬದಲಾಗಿತ್ತು, ನಮ್ಮ ಸಂಘದಲ್ಲಿ ಒಬ್ಬರೂ ಅದನ್ನು ಓದಿರಲಿಲ್ಲ.

ಈ ಮಾತು ಈಗ ಮತ್ತೆ ಎತ್ತಲು ಕಾರಣ ಇದೆ. 1961ರ ಆದಾಯ ತೆರಿಗೆ ಕಾಯ್ದೆ ಬದಿಗೆ ಸರಿದು, 2025ರ ಹೊಸ ಕಾಯ್ದೆ ಅದರ ಜಾಗಕ್ಕೆ ಬಂದಿದೆ. ಜಾರಿಯ ದಿನ 2026ರ ಏಪ್ರಿಲ್ 1. ಹಳೆಯದರ 800ಕ್ಕೂ ಹೆಚ್ಚು ಸೆಕ್ಷನ್‌ಗಳ ಬದಲು ಹೊಸದರಲ್ಲಿ 536. ಬಾಯಿಪಾಠವಾಗಿದ್ದ '80ಜಿ' ಎಂಬ ಸಂಖ್ಯೆಗೂ ಹೊಸ ಮನೆ ಸಂಖ್ಯೆ. ಹಾಗಾಗಿ ಸಂಘ, ಶಾಲೆ, ಟ್ರಸ್ಟ್ ನಡೆಸುವ ನಮ್ಮಂಥವರ ನಡುವೆ ಒಂದು ಪ್ರಶ್ನೆ ಓಡಾಡುತ್ತಿದೆ: ದುಡ್ಡು ಕೇಳಲು ಕಲಿಯುವುದೇನಿದೆ? ಕಲಿತರೂ ಒಂದು ಸಲ ಕಲಿತರೆ ಸಾಲದಾ?

## ನಿರಂತರ ಕಲಿಕೆ ಅಂದರೆ

ಲಾಭಕ್ಕಲ್ಲದ ಸಂಸ್ಥೆಗೆ ಹಣ ತರುವ ಕೆಲಸ ಮಾಡುವವರನ್ನು ದೊಡ್ಡ ಸಂಸ್ಥೆಗಳಲ್ಲಿ ಫಂಡ್‌ರೈಸರ್ ಅನ್ನುತ್ತಾರೆ. ಅದಕ್ಕೆ ಸಂಬಳ, ಮೇಜು, ಲ್ಯಾಪ್‌ಟಾಪ್ ಎಲ್ಲ ಇರುತ್ತದೆ. ನಮ್ಮಲ್ಲಿ ಅದೇ ಕೆಲಸಕ್ಕೆ 'ಕಲೆಕ್ಷನ್‌ಗೆ ಹೋಗೋದು' ಅಂತ ಹೆಸರು. ಪಕ್ಕದ ಗಣಪತಿ ಮಂಡಳಿಯ ಮರಾಠಿ ಹುಡುಗರಿಗೆ ಅದು ವರ್ಗಣಿ. ಹೆಸರು ಯಾವುದಾದರೂ ಕೆಲಸ ಒಂದೇ.

ನಿರಂತರ ಕಲಿಕೆ ಅಂದರೆ ಕೆಲಸ ಬಿಟ್ಟು ಕಾಲೇಜಿಗೆ ಹೋಗುವುದಲ್ಲ. ಕೆಲಸದಲ್ಲಿದ್ದುಕೊಂಡೇ ಆಗಾಗ, ಚೂರು ಚೂರಾಗಿ ಹೊಸದನ್ನು ತಿಳಿಯುತ್ತಾ ಹೋಗುವುದು. ಅರ್ಧ ದಿನದ ಕಾರ್ಯಾಗಾರ ಆಗಬಹುದು, ಆರು ತಿಂಗಳ ಕೋರ್ಸ್ ಆಗಬಹುದು. ಬೇರೆ ಕಸುಬುಗಳಲ್ಲಿ ಇದು ಮಾಮೂಲು. ಮಹಾರಾಷ್ಟ್ರದಲ್ಲಿ ವೈದ್ಯರು 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಅದಕ್ಕೆ ಆ ಅವಧಿಯಲ್ಲಿ 30 ಕ್ರೆಡಿಟ್ ಅಂಕ ಗಳಿಸಿರಬೇಕು. ಸಿಎಗಳೂ ವರ್ಷವೂ ಇಷ್ಟು ಗಂಟೆ ಪಾಠ ಕೇಳಲೇಬೇಕು. ದೇಣಿಗೆ ಎತ್ತುವವರಿಗೆ ಇಂಥ ಕಡ್ಡಾಯ ಇಲ್ಲ. ಯಾರೂ ಕೇಳುವುದಿಲ್ಲ ಅಂತ ನಾವೂ ಸುಮ್ನೆ ಇದ್ದುಬಿಡುತ್ತೇವೆ.

ಲೋಕಲ್ ರೈಲಿನ ಪಾಸ್ ನೆನಪಿಸಿಕೊಳ್ಳಿ. ಅದೇ ಬೋಗಿ, ಅದೇ ಕಿಟಕಿ, ಅದೇ ಇಸ್ಪೀಟಿನ ಗುಂಪು, ಹತ್ತು ವರ್ಷದ ಗುರುತು. ಆದರೆ ಪಾಸಿನ ತಾರೀಕು ದಾಟಿದ್ದರೆ ಟಿಸಿ ಮುಂದೆ ಆ ಗುರುತೆಲ್ಲ ಯಾವ ಲೆಕ್ಕಕ್ಕೆ?

## ಹಳೆಯ ದಾರಿ ಹೇಗಿತ್ತು

ಮುಂಬೈ ಕನ್ನಡಿಗರಿಗೆ ದೇಣಿಗೆ ಕೇಳುವುದು ಹೊಸದಲ್ಲ. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗೆ ಕೋಟೆ ಭಾಗದ ಕನ್ನಡ ರಾತ್ರಿ ಶಾಲೆಗಳು ಅಕ್ಷರ ಕಲಿಸಿದ್ದು ಇಂಥ ಹಣದಿಂದಲೇ. ಮಾಟುಂಗಾದ ಮೈಸೂರು ಅಸೋಸಿಯೇಷನ್ ಶುರುವಾದದ್ದು 1926ರಲ್ಲಿ. ವಡಾಲದ ಎನ್‌ಕೆಇಎಸ್ ಶಾಲೆ, ಮಾಟುಂಗಾದ ಕರ್ನಾಟಕ ಸಂಘ, ಕುರ್ಲಾದ ಬಂಟರ ಸಂಘ, ಎಲ್ಲವೂ ಊರಿನವರ ಕೊಡುಗೆಯಿಂದ ಬೆಳೆದವು.

ವಿಧಾನವೂ ನಮಗೆಲ್ಲ ಗೊತ್ತಿದ್ದದ್ದೇ. ಊರಿಂದ ಯಕ್ಷಗಾನ ಮೇಳ ಕರೆಸಿ ಟಿಕೆಟ್ ಮಾರುವುದು. ವಾರ್ಷಿಕೋತ್ಸವಕ್ಕೆ ಸ್ಮರಣ ಸಂಚಿಕೆ ತಂದು ಜಾಹೀರಾತು ಹಿಡಿಯುವುದು. ಹಿಂದಿನ ರಕ್ಷಾಪುಟಕ್ಕೆ ಇಷ್ಟು, ಒಳಗಿನ ಅರ್ಧ ಪುಟಕ್ಕೆ ಇಷ್ಟು. ಉಳಿದ ಹಣಕ್ಕೆ ಫ್ಯಾನಿನ ರೆಕ್ಕೆ ಮೇಲೆ, ಗೋಡೆ ಗಡಿಯಾರದ ಮೇಲೆ ದಾನಿಗಳ ಹೆಸರು.

ಈ ದಾರಿಯಲ್ಲಿ ತಪ್ಪಿಲ್ಲ. ಆದರೆ ಈಗ ಪ್ರತಿಯೊಂದರ ಹಿಂದೆಯೂ ಒಂದು ನಿಯಮ ಕೂತಿದೆ. ಸಂಚಿಕೆಗೆ ಕೊಟ್ಟ ಜಾಹೀರಾತು ದೇಣಿಗೆ ಅಲ್ಲ, ಅದು ಕೊಟ್ಟವರ ವ್ಯಾಪಾರದ ಖರ್ಚು. ಅದಕ್ಕೆ 80ಜಿ ರಸೀದಿ ಹರಿಯುವಂತಿಲ್ಲ. ಇನ್ನು ಫ್ಯಾನಿನ ರೆಕ್ಕೆ. ಅದಕ್ಕೂ ಸರಕಾರ 2019ರ ಅಕ್ಟೋಬರ್‌ನಲ್ಲಿ ಒಂದು ಸುತ್ತೋಲೆ ಹೊರಡಿಸಿದೆ, ನಗಬೇಡಿ. ಕೃತಜ್ಞತೆಗೆ ದಾನಿಯ ಹೆಸರಷ್ಟೇ ಬರೆದರೆ ಜಿಎಸ್‌ಟಿ ಇಲ್ಲ. ಹೆಸರಿನ ಜೊತೆ ಅಂಗಡಿಯ ಪ್ರಚಾರವೂ ಸೇರಿದರೆ ಅದು ಜಾಹೀರಾತು ಸೇವೆ, ಜಿಎಸ್‌ಟಿಯ ಲೆಕ್ಕಕ್ಕೆ ಬರುತ್ತದೆ.

## 10ಬಿಇ ಕಥೆ

ಶೆಟ್ರ ಪ್ರಶ್ನೆಗೆ ವಾಪಸ್ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಟ್ರಸ್ಟಿಗೆ ತೆರಿಗೆ ಇಲಾಖೆಯ ಎರಡು ಬಗೆಯ ಮಾನ್ಯತೆ ಇರುತ್ತದೆ. ಹಳೆಯ ಕಾಯ್ದೆಯ ಹೆಸರಲ್ಲೇ ಹೇಳುತ್ತೇನೆ, ಎಲ್ಲರ ಬಾಯಲ್ಲೂ ಇರುವುದು ಅದೇ. 12ಎಬಿ ಅಂದರೆ ಟ್ರಸ್ಟಿನ ಸ್ವಂತ ಆದಾಯಕ್ಕೆ ತೆರಿಗೆ ವಿನಾಯಿತಿ. 80ಜಿ ಅಂದರೆ ಟ್ರಸ್ಟಿಗೆ ಕೊಟ್ಟವರಿಗೆ ಸಿಗುವ ರಿಯಾಯಿತಿ. ಒಂದು ನಮ್ಮ ಜೇಬಿಗೆ, ಇನ್ನೊಂದು ದಾನಿಯ ಜೇಬಿಗೆ.

ಶೆಟ್ರು 25,000 ಕೊಟ್ಟರೆ, ನಮ್ಮಂಥ ಸಾಮಾನ್ಯ ಟ್ರಸ್ಟಿನ ವಿಷಯದಲ್ಲಿ ಅದರ ಅರ್ಧ, ಅಂದರೆ 12,500, ಅವರ ತೆರಿಗೆಯ ಆದಾಯದಿಂದ ಕಳೆಯುತ್ತದೆ. ಅವರು ಶೇ 30ರ ಹಂತದಲ್ಲಿದ್ದರೆ ಸೆಸ್ ಸೇರಿ ಉಳಿಯುವುದು ಸುಮಾರು 3,900 ರೂಪಾಯಿ. ಇದಕ್ಕೆ ಆದಾಯದ ಶೇ 10ರ ಒಟ್ಟು ಮಿತಿಯೂ ಇದೆ. ನಗದಾಗಿ 2,000ಕ್ಕಿಂತ ಜಾಸ್ತಿ ಕೊಟ್ಟರೆ ರಿಯಾಯಿತಿಯೇ ಇಲ್ಲ. 2017ರ ಏಪ್ರಿಲ್‌ಗಿಂತ ಮೊದಲು ಆ ಮಿತಿ 10,000 ಇತ್ತು.

ಮೊದಲೆಲ್ಲ ನಾವು ಕೊಟ್ಟ ರಸೀದಿಯೇ ಸಾಕ್ಷಿ. 2021-22ರ ಹಣಕಾಸು ವರ್ಷದಿಂದ ಹಾಗಿಲ್ಲ. ಟ್ರಸ್ಟ್ ತನ್ನ ಎಲ್ಲ ದಾನಿಗಳ ಹೆಸರು, ವಿಳಾಸ, ಪ್ಯಾನ್ ಅಥವಾ ಆಧಾರ್‌ನಂಥ ಗುರುತು, ಮೊತ್ತ, ಕೊಟ್ಟ ಬಗೆ ಇವನ್ನೆಲ್ಲ ಫಾರಂ 10ಬಿಡಿಯಲ್ಲಿ ತುಂಬಿ ಮೇ 31ರ ಒಳಗೆ ಇಲಾಖೆಗೆ ಕಳಿಸಬೇಕು. ಆಮೇಲೆ ಪೋರ್ಟಲ್‌ನಿಂದ ಒಬ್ಬೊಬ್ಬ ದಾನಿಗೂ ಒಂದು ಪ್ರಮಾಣಪತ್ರ ಬರುತ್ತದೆ. ಅದೇ 10ಬಿಇ. ತಡವಾದರೆ ಹಳೆಯ ಕಾಯ್ದೆಯಲ್ಲಿ ದಿನಕ್ಕೆ 200 ರೂಪಾಯಿ ಶುಲ್ಕ. ಕೊಡದೇ ಬಿಟ್ಟರೆ 10,000ದಿಂದ 1 ಲಕ್ಷದವರೆಗೆ ದಂಡ.

ನಾವು ಆ ವರ್ಷ ದಾನಿಗಳ ಪ್ಯಾನ್ ನಂಬರನ್ನೇ ಬರೆದುಕೊಂಡಿರಲಿಲ್ಲ. ಒಬ್ಬೊಬ್ಬರಿಗೆ ಫೋನ್ ಮಾಡಿ ಕೇಳಿದೆವು. "ಇದೇನು ಮೋಸದ ಫೋನ್ ಕಾಲಾ?" ಅಂತ ಇಬ್ಬರು ಫೋನ್ ಇಟ್ಟರು. ಅವರದೇನೂ ತಪ್ಪಿಲ್ಲ, ಸೈಬರ್ ಕಳ್ಳರ ಕಾಲ ಇದು.

## ಪಾಸ್ ನವೀಕರಣ

12ಎಬಿ, 80ಜಿ ನೋಂದಣಿಗಳು ಮೊದಲು ಒಮ್ಮೆ ಸಿಕ್ಕರೆ ಕಾಯಂ ಎನ್ನುವಂತಿದ್ದವು. 2021ರ ಏಪ್ರಿಲ್‌ನಿಂದ ಅವೂ ರೈಲ್ವೆ ಪಾಸ್ ಆದವು: 5 ವರ್ಷಕ್ಕೊಮ್ಮೆ ನವೀಕರಣ, ಅವಧಿ ಮುಗಿಯುವ 6 ತಿಂಗಳ ಮೊದಲೇ ಅರ್ಜಿ. 2025ರ ಬಜೆಟ್ ಸಣ್ಣ ಟ್ರಸ್ಟುಗಳಿಗೆ, ಅಂದರೆ ಹಿಂದಿನ ಎರಡು ವರ್ಷ ಒಟ್ಟು ಆದಾಯ 5 ಕೋಟಿ ದಾಟದವರಿಗೆ, 12ಎಬಿ ಅವಧಿಯನ್ನು 10 ವರ್ಷಕ್ಕೆ ಏರಿಸಿತು. ಇದು ಒಳ್ಳೆಯ ಸುದ್ದಿ. ಆದರೆ ಒಳ್ಳೆಯ ಸುದ್ದಿಯೂ ತಾನಾಗಿ ಮನೆಗೆ ಬಂದು ಬಾಗಿಲು ತಟ್ಟುವುದಿಲ್ಲ.

ಇದರ ಮೇಲೆ ಮಹಾರಾಷ್ಟ್ರದ ಸ್ವಂತ ಕಾನೂನು, 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆ. ವರ್ಲಿಯ ಚಾರಿಟಿ ಕಮಿಷನರ್ ಕಚೇರಿ ನೋಡಿಕೊಳ್ಳುವುದು ಅದನ್ನೇ. ಟ್ರಸ್ಟಿಗಳು ಬದಲಾದರೆ 90 ದಿನದೊಳಗೆ ಅಲ್ಲಿಗೆ ವರದಿ ಹೋಗಬೇಕು. ಇಲ್ಲಿ ಕಾಗದ ಹಿಂದೆ ಬಿದ್ದರೆ ಬೇರೆ ಕಡೆಯೂ ಕೆಲಸ ನಿಲ್ಲುತ್ತದೆ. ನೋಂದಣಿಯ ಕಾಗದ ಸರಿಯಿಲ್ಲದ ಸಂಸ್ಥೆಗೆ ಯಾವ ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗವೂ ಚೆಕ್ ಬರೆಯುವುದಿಲ್ಲ.

## 'ತೆರಿಗೆ ಉಳಿಯುತ್ತೆ' ಎಂಬ ಮಾತು ಸವೆದಿದೆ

ಕಾನೂನು ತಿಳಿದರೆ ದಂಡ ತಪ್ಪುತ್ತದೆ, ಸರಿ. ಆದರೆ ಕಲಿಕೆಯ ಲಾಭ ಅಷ್ಟಕ್ಕೇ ನಿಲ್ಲುವುದಿಲ್ಲ. ಕೇಳುವ ಮಾತೇ ಬದಲಾಗುತ್ತದೆ.

ಮಾರ್ಚ್ ತಿಂಗಳಲ್ಲಿ ನಮ್ಮ ಹಳೆಯ ಮಂತ್ರ ಒಂದೇ: "ಕೊಡಿ ಸ್ವಾಮಿ, ನಿಮಗೂ ತೆರಿಗೆ ಉಳಿಯುತ್ತೆ." 2023-24ರಿಂದ ಹೊಸ ತೆರಿಗೆ ಪದ್ಧತಿಯೇ ತಾನಾಗಿ ಅನ್ವಯಿಸುತ್ತದೆ. ಬೇಡವಾದವರು ಹಳೆಯದನ್ನು ಆರಿಸಿಕೊಳ್ಳಬೇಕು. ಹೊಸ ಪದ್ಧತಿಯಲ್ಲಿ 80ಜಿ ರಿಯಾಯಿತಿ ಸಿಗುವುದಿಲ್ಲ. 2025-26ರಿಂದ ಅದರಲ್ಲಿ 12 ಲಕ್ಷದವರೆಗೆ ಆದಾಯ ಇರುವ ಸಾಮಾನ್ಯ ಸಂಬಳದಾರರಿಗೆ ತೆರಿಗೆಯೇ ಇಲ್ಲ. ಹಾಗಿದ್ದ ಮೇಲೆ ಐರೋಳಿಯ ಐಟಿ ಕಂಪನಿಯ ಹುಡುಗಿಗೆ ತೆರಿಗೆ ಉಳಿಯುತ್ತೆ ಅಂದರೆ ಅವಳು ನಗುತ್ತಾಳೆ. ಅವಳಿಗೆ ಬೇಕಾದ ಉತ್ತರ ಬೇರೆ: ನನ್ನ 500 ರೂಪಾಯಿ ಏನು ಮಾಡಿತು?

ಈ ಪ್ರಶ್ನೆಗೆ ಉತ್ತರ ಕೊಡುವುದನ್ನು ಕಲಿಯಬೇಕಾಗುತ್ತದೆ. ತರಬೇತಿಗಳಲ್ಲಿ ಎರಡು ಮಾತು ಬೇರೆ ಮಾಡಿ ಹೇಳಿಕೊಡುತ್ತಾರೆ. 200 ಮಕ್ಕಳಿಗೆ ನೋಟ್‌ಬುಕ್ ಹಂಚಿದೆವು ಅನ್ನುವುದು ಮಾಡಿದ ಕೆಲಸ. ಆ ಮಕ್ಕಳಲ್ಲಿ ಎಷ್ಟು ಮಂದಿ ಮುಂದಿನ ಜೂನ್‌ನಲ್ಲೂ ಶಾಲೆಗೆ ಬಂದರು ಅನ್ನುವುದು ಆದ ಬದಲಾವಣೆ. ದೋಸೆ ಎಷ್ಟು ಹುಯ್ದೆವು ಅನ್ನುವುದಕ್ಕೂ ಗಿರಾಕಿಯ ಹೊಟ್ಟೆ ತುಂಬಿತಾ ಅನ್ನುವುದಕ್ಕೂ ಇರುವಷ್ಟೇ ವ್ಯತ್ಯಾಸ. ನಮ್ಮ ವರದಿಗಳೆಲ್ಲ ಇಲ್ಲಿಯವರೆಗೆ ದೋಸೆಯ ಲೆಕ್ಕವೇ ಆಗಿದ್ದವು.

ಕಂಪನಿಗಳ ಹತ್ತಿರ ಹೋದರೆ ಇದು ಇನ್ನೂ ಬಿಗಿ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಅಂಥ ಎಷ್ಟೋ ಕಂಪನಿಗಳ ಮುಖ್ಯ ಕಚೇರಿ ಇರುವುದು ನಮ್ಮ ಬಿಕೆಸಿಯಲ್ಲಿ, ನರಿಮನ್ ಪಾಯಿಂಟ್‌ನಲ್ಲಿ. ಆದರೆ ಹಣ ಪಡೆಯುವ ಸಂಸ್ಥೆ ಸಿಎಸ್‌ಆರ್-1 ಫಾರಂ ತುಂಬಿ ನೋಂದಣಿ ಮಾಡಿಸಿರಬೇಕು. 2021ರ ಏಪ್ರಿಲ್‌ನಿಂದ ಇದು ಕಡ್ಡಾಯ. ಅಲ್ಲಿ "ನಮ್ಮೂರಿನವರು, ಸ್ವಲ್ಪ ನೋಡಿ" ಅಂದರೆ ಕಾಫಿ ಸಿಗಬಹುದು. ಚೆಕ್ ಬೇಕೆಂದರೆ ಬಜೆಟ್, ಗುರಿ, ಅಳೆಯುವ ಬಗೆ ಎಲ್ಲ ಕಾಗದದಲ್ಲಿ ಇರಬೇಕು.

## ಖಾಯಂ ಗಿರಾಕಿ

ಹೋಟೆಲಿನವರಿಗೆ ಒಂದು ಸತ್ಯ ಗೊತ್ತು. ದಿನಕ್ಕೊಬ್ಬ ಹೊಸ ಗಿರಾಕಿಯನ್ನು ಒಳಗೆ ಕರೆಯುವುದಕ್ಕಿಂತ ದಿನವೂ ಬರುವವನನ್ನು ಉಳಿಸಿಕೊಳ್ಳುವುದು ಸುಲಭ. ದೇಣಿಗೆಯಲ್ಲೂ ಅಷ್ಟೇ. ಫಂಡ್‌ರೈಸಿಂಗ್ ಪಾಠಗಳಲ್ಲಿ ಇದಕ್ಕೆ ದೊಡ್ಡ ಜಾಗ ಇದೆ. ಹಣ ಬಂದ ಕೂಡಲೇ ವಂದನೆ ಹೇಳಿ. ನಡುವೆ ಒಮ್ಮೆ ಏನೂ ಕೇಳದೆ, ಬರೀ ಸುದ್ದಿ ತಿಳಿಸಲು ಬರೆಯಿರಿ. ಯಾರು ಯಾವಾಗ ಎಷ್ಟು ಕೊಟ್ಟರು, ಯಾವ ವಿಷಯಕ್ಕೆ ಕೊಟ್ಟರು ಅಂತ ದಾಖಲೆ ಇಡಿ. ನಮ್ಮಲ್ಲಿ ಈ ದಾಖಲೆ ಇದ್ದದ್ದು ಮಾಜಿ ಖಜಾಂಚಿಯ ತಲೆಯಲ್ಲಿ. ಅವರು ಮಗನ ಜೊತೆ ಪುಣೆಗೆ ಹೋದಾಗ ದಾಖಲೆಯೂ ಪುಣೆಗೆ ಹೋಯಿತು.

ದಾಖಲೆ ಇಡುವುದಕ್ಕೂ ಈಗ ನೀತಿ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು, ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ದಾನಿಗಳ ಪ್ಯಾನ್ ಪಟ್ಟಿಯನ್ನು ಸಂಘದ ವಾಟ್ಸಾಪ್ ಗುಂಪಿಗೆ ಹಾಕುವ ಅಭ್ಯಾಸ ಇದ್ದರೆ ಇವತ್ತೇ ಬಿಡುವುದು ಒಳ್ಳೆಯದು.

ಇನ್ನೊಂದು ವಿಷಯ ನನಗೆ ತಡವಾಗಿ ಅರ್ಥವಾದದ್ದು. ಸಹಾಯ ಪಡೆದ ಮಕ್ಕಳನ್ನು ವೇದಿಕೆ ಮೇಲೆ ಸಾಲಾಗಿ ನಿಲ್ಲಿಸಿ ಚೆಕ್ ಹಿಡಿಸಿ ಫೋಟೊ ತೆಗೆಸುತ್ತಿದ್ದೆವು. ಸ್ಮರಣ ಸಂಚಿಕೆಯಲ್ಲಿ ಹಾಕುತ್ತಿದ್ದೆವು. ಒಂದು ಕಾರ್ಯಾಗಾರದಲ್ಲಿ ಪಾಠ ಮಾಡಿದಾಕೆ ಕೇಳಿದರು: "ನಿಮ್ಮ ಮಗಳ ಫೋಟೊ ಹೀಗೆ ಹಾಕ್ತಿದ್ದಿರಾ?" ಮನೆಗೆ ಬರುವವರೆಗೂ ರೈಲಿನಲ್ಲಿ ಅದೇ ಮಾತು ತಲೆಯಲ್ಲಿ. ಈಗ ಮಗುವಿನ, ಮನೆಯವರ ಒಪ್ಪಿಗೆ ಇಲ್ಲದೆ ಫೋಟೊ ಹಾಕುವುದಿಲ್ಲ. ಚೆಕ್ ಹಿಡಿಸುವುದನ್ನಂತೂ ನಿಲ್ಲಿಸಿಯೇ ಬಿಟ್ಟೆವು.

ದಾರಿಗಳೂ ಬದಲಾಗುತ್ತವೆ. 1979ರಲ್ಲಿ ರಿಪ್ಪನ್ ಕಪೂರ್ ಮತ್ತು ಗೆಳೆಯರು ಮುಂಬೈಯಲ್ಲಿ 50 ರೂಪಾಯಿಯಿಂದ ಶುರು ಮಾಡಿದ ಕ್ರೈ ಸಂಸ್ಥೆಯನ್ನು ನಮ್ಮ ಪೀಳಿಗೆ ಗುರುತಿಸಿದ್ದು ಶುಭಾಶಯ ಪತ್ರಗಳಿಂದ. ದೀಪಾವಳಿಗೆ ಕಾರ್ಡ್ ಕೊಂಡರೆ ಮಕ್ಕಳಿಗೆ ಹಣ. ಈಗ ಕಾರ್ಡ್ ಯಾರು ಕಳಿಸುತ್ತಾರೆ? ಜನವರಿಯ ಮುಂಬೈ ಮ್ಯಾರಥಾನ್‌ನಲ್ಲಿ ಓಡುವವರು ತಮ್ಮ ಗೆಳೆಯರಿಂದ ಸಂಸ್ಥೆಗಳಿಗೆ ಹಣ ಎತ್ತುತ್ತಾರೆ. ಅಕ್ಟೋಬರ್ 2ರಿಂದ 8ರವರೆಗೆ ಕೊಡುವುದಕ್ಕೆಂದೇ ಇರುವ ಹಬ್ಬ, ದಾನ್ ಉತ್ಸವ ನಡೆಯುತ್ತದೆ. ಕ್ಯೂಆರ್ ಕೋಡ್ ಬಂದಿದೆ. ಅದರಲ್ಲೂ ಒಂದು ಹಳ್ಳ ಇದೆ: ಕೊಟ್ಟವರ ಹೆಸರು, ವಿಳಾಸ ದಾಖಲಾಗದ ಹಣವನ್ನು ಅನಾಮಧೇಯ ದೇಣಿಗೆ ಅನ್ನುತ್ತಾರೆ. ಸಾಮಾಜಿಕ ಕೆಲಸದ ಟ್ರಸ್ಟಿಗೆ ಅಂಥ ಹಣ ಒಂದು ಮಿತಿ ದಾಟಿದರೆ ಶೇ 30 ತೆರಿಗೆ.

## ಎಲ್ಲಿ ಕಲಿಯಬಹುದು

ಈ ವಿಷಯದಲ್ಲಿ ಮುಂಬೈಯವರು ಪುಣ್ಯವಂತರು. ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1936ರಿಂದ ಸಮಾಜ ಕಾರ್ಯದ ಪಾಠ ಹೇಳುತ್ತಿದೆ. ಅಂಧೇರಿಯ ಮ್ಯಾನೇಜ್‌ಮೆಂಟ್ ಕಾಲೇಜು ಎಸ್‌ಪಿಜೆಐಎಂಆರ್ ಸಾಮಾಜಿಕ ಸಂಸ್ಥೆಗಳಲ್ಲಿ ಕೆಲಸ ಮಾಡುವವರಿಗಾಗಿ ಅಭಿವೃದ್ಧಿ ನಿರ್ವಹಣೆಯ ಸ್ನಾತಕೋತ್ತರ ಕಾರ್ಯಕ್ರಮ ನಡೆಸಿಕೊಂಡು ಬಂದಿದೆ. ಟ್ರಸ್ಟ್ ಕಾನೂನು, ತೆರಿಗೆ ವಿಷಯಕ್ಕೆ 1986ರಲ್ಲಿ ಮುಂಬೈಯಲ್ಲೇ ಶುರುವಾದ ಸೆಂಟರ್ ಫಾರ್ ಅಡ್ವಾನ್ಸ್‌ಮೆಂಟ್ ಆಫ್ ಫಿಲಾಂತ್ರಪಿ ಇದೆ. ಫಂಡ್‌ರೈಸಿಂಗ್ ಒಂದನ್ನೇ ಹಿಡಿದು ಕಲಿಸುವ ಕಾರ್ಯಕ್ರಮ ಐಎಲ್‌ಎಸ್‌ಎಸ್ (ಇಂಡಿಯಾ ಲೀಡರ್ಸ್ ಫಾರ್ ಸೋಷಿಯಲ್ ಸೆಕ್ಟರ್) ಸಂಸ್ಥೆಯದು.

ಫಂಡ್‌ರೈಸರ್‌ಗಳಿಗೆ ಹೊರದೇಶಗಳಲ್ಲಿ ಬೆಲೆ ಇರುವ ಪ್ರಮಾಣಪತ್ರ ಸಿಎಫ್‌ಆರ್‌ಇ. ಅದರ ಲೆಕ್ಕ ನೋಡಿದರೆ ನಿರಂತರ ಕಲಿಕೆ ಅಂದರೇನು ಅಂತ ಬೇಗ ತಿಳಿಯುತ್ತದೆ. ಪರೀಕ್ಷೆಗೆ ಕೂರಲು ಹಿಂದಿನ 5 ವರ್ಷದಲ್ಲಿ 80 ಅಂಕದಷ್ಟು ಕಲಿಕೆ ಆಗಿರಬೇಕು. ಪಾಸಾದರೂ ಪ್ರಮಾಣಪತ್ರ ಬಾಳುವುದು 3 ವರ್ಷ. ಮುಂದುವರಿಸಲು ಆ ಮೂರು ವರ್ಷದಲ್ಲಿ ಮತ್ತೆ 45 ಅಂಕ. ವೃತ್ತಿಯವರು ಒಪ್ಪಿದ ನೀತಿ ಸಂಹಿತೆ ಇದರ ಜೊತೆಗೇ ಬರುತ್ತದೆ. ಎತ್ತಿದ ಹಣದಲ್ಲಿ ಶೇಕಡಾವಾರು ಕಮಿಷನ್ ತೆಗೆದುಕೊಳ್ಳಬಾರದು ಅನ್ನುವುದು ಅದರ ಗಟ್ಟಿ ನಿಯಮಗಳಲ್ಲಿ ಒಂದು. ಇಲ್ಲಿ ಕಮಿಷನ್ ಮೇಲೆ ಕಲೆಕ್ಷನ್ ಮಾಡಿಸುವವರು ಇದನ್ನೊಮ್ಮೆ ಓದಬೇಕು.

ಸ್ವಯಂಸೇವಕರ ಮೇಲೆ ನಡೆಯುವ ಸಂಘಕ್ಕೆ ಇಷ್ಟೆಲ್ಲ ಬೇಡ. ನಾವು ಮಾಡಿದ್ದು ಮೂರೇ ಕೆಲಸ. ಏಪ್ರಿಲ್ ಮೊದಲ ಭಾನುವಾರ ಒಬ್ಬ ಸಿಎಯನ್ನು ಕರೆದು ಎರಡು ಗಂಟೆ ಕೂರಿಸಿದೆವು. ಉಪ್ಪಿಟ್ಟು, ಕಾಫಿ ನಮ್ಮದು, ಪಾಠ ಅವರದು. ವರ್ಷಕ್ಕೆ ಇಬ್ಬರನ್ನು ಹೊರಗಿನ ಕಾರ್ಯಾಗಾರಕ್ಕೆ ಕಳಿಸುತ್ತೇವೆ. ಹೋದವರು ವಾಪಸ್ ಬಂದು ಸಮಿತಿಗೆ ಅರ್ಧ ಗಂಟೆ ಹೇಳಬೇಕು. ಹಾಗೆ ಹೇಳದಿದ್ದರೆ ಕಲಿತದ್ದು ಮತ್ತೆ ಒಬ್ಬರ ತಲೆಯಲ್ಲೇ ಉಳಿದು, ಒಂದು ದಿನ ಪುಣೆಗೆ ಹೋಗಿಬಿಡುತ್ತದೆ.

"ಕೋರ್ಸಿಗೆ ದುಡ್ಡು ಹಾಕೋದು ದಾನಿಗಳ ಹಣ ಪೋಲು ಮಾಡಿದ ಹಾಗಲ್ವಾ?" ಅಂತ ಸಮಿತಿಯಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕಿ ತೋರಿಸಿದೆವು. 10ಬಿಡಿ 100 ದಿನ ತಡವಾದರೆ ಶುಲ್ಕ 20,000 ರೂಪಾಯಿ. ಶೆಟ್ರಂಥ ಒಬ್ಬ ದಾನಿ ಕೈಬಿಟ್ಟರೆ ವರ್ಷಕ್ಕೆ 25,000. ಎರಡೂ ಸೇರಿಸಿದರೆ 45,000. ಅವರು ಸುಮ್ಮನಾದರು, ಪೂರ್ತಿ ಒಪ್ಪಿದರು ಅನ್ನಲಾರೆ.

## ವಿದೇಶದ ಹಣ

ಕೊನೆಯದಾಗಿ, ಮುಂಬೈ ಕನ್ನಡಿಗರು ಹೆಚ್ಚು ಎಡವುವ ಜಾಗ. ನಮ್ಮಲ್ಲಿ ಪ್ರತಿ ಮನೆಗೂ ಒಬ್ಬರು ದುಬೈಯಲ್ಲೋ ಮಸ್ಕತ್‌ನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಊರಿನ ಶಾಲೆಗೆ, ಸಂಘದ ಕಟ್ಟಡಕ್ಕೆ ಅವರಿಗೂ ಕೊಡುವ ಆಸೆ.

ವಿದೇಶಿ ದೇಣಿಗೆಗೆ ಎಫ್‌ಸಿಆರ್‌ಎ ಎಂಬ ಕಾಯ್ದೆ ಇದೆ. ಗೃಹ ಸಚಿವಾಲಯದ ನೋಂದಣಿ ಅಥವಾ ಮೊದಲೇ ಪಡೆದ ಅನುಮತಿ ಇಲ್ಲದೆ ವಿದೇಶಿ ಮೂಲದ ಹಣ ಮುಟ್ಟುವಂತಿಲ್ಲ. 2020ರ ತಿದ್ದುಪಡಿ ಆದ ಮೇಲೆ ಆ ಹಣ ಮೊದಲು ದಿಲ್ಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತದ ಖರ್ಚಿಗೆ ಶೇ 20 ದಾಟುವಂತಿಲ್ಲ, ಮೊದಲು ಶೇ 50 ಇತ್ತು. ಬೇರೆ ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ.

ಇಲ್ಲಿ 'ವಿದೇಶಿ' ಅಂತ ತೀರ್ಮಾನಿಸುವುದು ಹಣ ಬಂದ ದೇಶದಿಂದ ಅಲ್ಲ, ಕೊಟ್ಟವರ ಪೌರತ್ವದಿಂದ. ಮಸ್ಕತ್‌ನಲ್ಲಿರುವ ಭಾರತೀಯ ಪ್ರಜೆ ತನ್ನ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ ವಿದೇಶಿ ದೇಣಿಗೆ. ಅವರ ಹತ್ತಿರ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅಷ್ಟೇ, ಮುಂಬೈಗೆ ಬಂದು ರೂಪಾಯಿಯಲ್ಲೇ ಕೈಗಿಟ್ಟರೂ ಅಷ್ಟೇ. ಸಮಿತಿಯಲ್ಲಿ ಇದನ್ನು ಹೇಳಿದಾಗ ಯಾರೂ ನಂಬಲಿಲ್ಲ. "ನಮ್ಮ ತಂಗಿ ಮಗ ವಿದೇಶಿ ಹೇಗಾಗ್ತಾನೆ?" ಅಂದರು.

ಹೋದ ಮೇ ಕೊನೆಗೆ ಶೆಟ್ರ 10ಬಿಇ ತೆಗೆದುಕೊಂಡು ನಾನೇ ಹೋದೆ. ಈಗ ಅದು ತಪ್ಪುವುದಿಲ್ಲ. ಕಾಫಿ ಬಂತು. ಕಾಗದ ನೋಡಿ ಖುಷಿಯಾಗಿ, "ರಾಯರೇ, ನ್ಯೂಜೆರ್ಸಿಯಲ್ಲಿರೋ ನಮ್ಮ ಮಗನೂ ಒಂದು ಲಕ್ಷ ಕೊಡ್ತಾನಂತೆ. ಬರ್ಕೊಳ್ಳಿ" ಅಂದರು.

ನಮ್ಮ ಸಂಘಕ್ಕೆ ಎಫ್‌ಸಿಆರ್‌ಎ ನೋಂದಣಿ ಇಲ್ಲ. ಪೆನ್ನಿನ ಮುಚ್ಚಳ ತೆಗೆಯದೆ ಕೇಳಿದೆ: "ಮಗನದು ಯಾವ ಪಾಸ್‌ಪೋರ್ಟ್, ಶೆಟ್ರೇ?"

ಅವರು ಸ್ವಲ್ಪ ಯೋಚಿಸಿ, "ನೀಲಿ" ಅಂದರು.

ಭಾರತದ್ದೂ ನೀಲಿ, ಅಮೆರಿಕದ್ದೂ ನೀಲಿ. ಅಲ್ಲೇ ಗಲ್ಲಾದ ಮೇಲಿಂದ ಮಗನಿಗೆ ಫೋನ್ ಹಚ್ಚಿದೆವು.